ಒಂದೇ ಡ್ರಮ್ಮಿನ ಅಕ್ಕಿ

ಭಾಷಣ ಮಾಡುವ ಚಟ ನನಗೆ ಮೊದಲು ಇರಲಿಲ್ಲ. ಎರಡು ಸಾವಿರದ ಇಸವಿಯ ಚುನಾವಣೆಯಲ್ಲಿ ಗೆದ್ದು, ವಿಟ್ಲದ ಆಚೆಗಿನ ನಮ್ಮ ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆಯಾದ ಮೇಲೆ ಅಂಟಿಕೊಂಡದ್ದು. "ಬೀಡಿ ಸುತ್ತುವ ರಹ್ಮತ್ ಎಂಥ ಪಂಚಾಯಿತಿ ನಡೆಸ್ತಾಳೆ?" ಎಂದು ಕೇಳಿದವರ ಎದುರು ಮೈಕ್ ಹಿಡಿಯುವುದೆಂದರೆ ನನಗೆ ಹಬ್ಬ. ಹಾಗೆ ಕೇಳಿದವರಲ್ಲಿ ಮೊದಲಿಗರು ಮುಂಡಪ್ಪಣ್ಣ. ಮೂವತ್ತು ವರ್ಷ ಮುಂಬಯಿಯ ಹೋಟೆಲಿನಲ್ಲಿ ದೊಡ್ಡ ಅಡುಗೆಯವರಾಗಿದ್ದು ಊರಿಗೆ ಮರಳಿದವರು. ನನ್ನ ವಾರ್ಡಿನಲ್ಲೇ ನಿಂತು ಹನ್ನೊಂದು ವೋಟಿನಿಂದ ಸೋತರು. ಆಮೇಲೆ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವುದು ಅವರ ವಾಡಿಕೆ. ನಾನೂ ಕರೆದು ಮಾತಾಡಿಸಿದವಳಲ್ಲ ಬಿಡಿ.

ಮರುವರ್ಷ, ಮಳೆ ಬಿಡದ ಆಟಿ ತಿಂಗಳಲ್ಲಿ ಪಡಿತರ ಅಕ್ಕಿ ನಿಂತುಹೋಯಿತು. ಹೊಸ ಕಾರ್ಡಿನ ಪಟ್ಟಿ ಎಲ್ಲೋ ಮೇಲೆ ಸಿಕ್ಕಿಹಾಕಿಕೊಂಡಿದೆಯಂತೆ, ಬರುವವರೆಗೆ ಅಂಗಡಿಗೆ ಅಕ್ಕಿ ಇಲ್ಲವಂತೆ. ಮೊದಲೇ ಆಟಿ. ಗದ್ದೆಯಲ್ಲಿ ಕೆಲಸವಿಲ್ಲ, ಕೆಂಪುಕಲ್ಲು ಕಡಿಯುವ ಕೋರೆಯಲ್ಲಿ ಆಳೆತ್ತರ ನೀರು, ಬೀಡಿ ಎಲೆಯೂ ಅಷ್ಟಕ್ಕಷ್ಟೆ. ಎರಡನೆಯ ವಾರಕ್ಕೆ ಹೆಂಗಸರು ಪಂಚಾಯಿತಿ ಜಗಲಿಯಲ್ಲಿ ಬಂದು ಸುಮ್ಮನೆ ಕೂತರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ನಾನು ತುರ್ತು ಸಭೆ ಕರೆದೆ. ಸಭಾಭವನದಲ್ಲಿ ಅಕ್ಕಿ ಸಂಗ್ರಹಿಸುವುದು, ಇಲ್ಲದವರಿಗೆ ಕೊಡುವುದು, ಸಾಗಾಟದ ಖರ್ಚು ಪಂಚಾಯಿತಿಯದ್ದು ಎಂದು ಹೇಳಿದೆ. ಕಾರ್ಯದರ್ಶಿ ಜತ್ತಪ್ಪಣ್ಣ ಪೆನ್ನು ಕೆಳಗಿಟ್ಟರು.

"ರೂಲಿನಲ್ಲಿ ಎಲ್ಲುಂಟು ಅಧ್ಯಕ್ಷರೆ, ಪಂಚಾಯಿತಿ ಅಕ್ಕಿ ಕೊಡುವುದು?"

"ಮದುವೆಗೆ ಸಭಾಭವನ ಕೊಡ್ತೇವಲ್ಲ, ಹೊಟ್ಟೆಗೂ ಕೊಡುವ. ನಿರ್ಣಯ ಬರೆಯಿರಿ. ಬೈಗುಳ ಬಂದರೆ ನನಗಿರಲಿ."

ಬರೆದರು. ಸದಸ್ಯರೆಲ್ಲ ಪಕ್ಷ ಮರೆತು ಮನೆಮನೆ ಹತ್ತಿಳಿದರು. ಇದ್ದವರು ಕೊಟ್ಟರು, ಅರೆಬರೆ ಇದ್ದವರೂ ಸೇರು ಅಳೆದು ಕೊಟ್ಟರು. ನಮ್ಮ ಸದಸ್ಯರೊಬ್ಬರ ನೆಂಟರು ನಾರಾವಿಯಿಂದ ಒಂದು ಜೀಪು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯನ್ನೇ ಕಳಿಸಿದರು. ಸಭಾಭವನ ತುಂಬ ಜನ. ನನಗೆ ತಡೆಯಲಾಗಲಿಲ್ಲ, ಮೈಕ್ ಹಿಡಿದೆ.

"ಇಲ್ಲಿ ನಿಮ್ಮ ಅಕ್ಕಿ, ನಮ್ಮ ಅಕ್ಕಿ ಅಂತ ಇಲ್ಲ. ಎಲ್ಲರದ್ದೂ ಒಂದೇ ಡ್ರಮ್ಮಿಗೆ ಬೀಳಲಿ!"

ಚಪ್ಪಾಳೆಯೋ ಚಪ್ಪಾಳೆ. ಕುಚ್ಚಲಕ್ಕಿ, ಬೆಳ್ತಿಗೆ, ಎಲ್ಲವನ್ನೂ ಸಾಲು ಡ್ರಮ್ಮುಗಳಿಗೆ ಸುರಿದು ಮರದ ಸೌಟಿನಿಂದ ಕಲಸಿಯೂ ಆಯಿತು. ಹುಟ್ಟಿದಂದಿನಿಂದ ಅಕ್ಕಿ ಬೇಯಿಸುತ್ತ ಬಂದ ಊರು ನಮ್ಮದು. ಕುಚ್ಚಲಕ್ಕಿಗೆ ಒಂದು ಗಂಟೆ ಬೆಂಕಿ ಬೇಕು, ಬೆಳ್ತಿಗೆಗೆ ಕಾಲು ಗಂಟೆ ಸಾಕು ಎನ್ನುವುದು ಆ ಗೌಜಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮರುದಿನ ಅಕ್ಕಿ ಒಯ್ದ ಮನೆಗಳಲ್ಲಿ ಅರ್ಧ ಗಂಜಿ ಅಂಟಾಗಿತ್ತು, ಉಳಿದರ್ಧ ಕಲ್ಲಿನಂತೆ ಹಲ್ಲಿಗೆ ಸಿಕ್ಕುತ್ತಿತ್ತು. ಮಕ್ಕಳು ಉಗುಳಿದರಂತೆ. ಡ್ರಮ್ಮುಗಳಲ್ಲಿ ಇನ್ನೂ ಆರು ಕ್ವಿಂಟಾಲ್ ಅಂಥದ್ದೇ ಅಕ್ಕಿ ಇತ್ತು. ನಾಚಿಕೆಯಿಂದ ನನ್ನ ಮುಖ ಕೆಂಡವಾಯಿತು.

ಅದೇ ದಿನ ಬೆಳಿಗ್ಗೆ, ಸುತ್ತಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಶಶಿಪ್ರಭಾ ಸಿಕ್ಕಿದಳು. ಮುಂಡಪ್ಪಣ್ಣನ ಮಗಳು. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳ ಜೊತೆ ತಂದೆಯ ಮನೆಯಲ್ಲೇ ಇರುವವಳು. ಬೀಡಿಯ ಮೊರ ಬದಿಗಿಟ್ಟು ನನ್ನ ಹತ್ತಿರ ಬಂದಳು.

"ಅಕ್ಕ, ಅಪ್ಪ ಪಂಚಾಯಿತಿಯ ಅಕ್ಕಿ ಹೊಸ್ತಿಲು ದಾಟಬಾರದು ಅಂದಿದ್ದಾರೆ. ಸೋತವನು ಗೆದ್ದವಳ ಕೈಯಿಂದ ಬೇಡಿ ತಿನ್ನುವುದಾ ಅಂತ. ನಿನ್ನೆಯಿಂದ ಹಲಸಿನ ಬೀಜ ಬೇಯಿಸಿ ಕೊಡ್ತಾ ಇದ್ದೇನೆ. ಅವರು ಅದನ್ನೂ ಮುಟ್ಟುವುದಿಲ್ಲ, ಮಕ್ಕಳಿಗೆ ಇರಲಿ ಅಂತಾರೆ."

ಅಂಥ ಹಟಮಾರಿಯನ್ನು ಬೈಯಬೇಕು ಅನ್ನಿಸಿತು. ಮರುಕ್ಷಣ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ ಅನ್ನಿಸಿತು. ಆ ಮನೆಯ ಹೊಟ್ಟೆಗೆ ಇವತ್ತೇ ಏನಾದರೂ ಬೀಳಬೇಕು, ಆದರೆ ಅದು ನಾನು ಕೊಟ್ಟದ್ದೆಂದು ಕಾಣುವ ಹಾಗಿಲ್ಲ. ಛತ್ರಿ ಬಿಡಿಸಿ ನೇರ ಅವರ ಅಂಗಳಕ್ಕೆ ನಡೆದೆ.

ಮುಂಡಪ್ಪಣ್ಣ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು.

"ಅಕ್ಕಿ ತಂದದ್ದಾದರೆ ಹಾಗೇ ತಿರುಗಿ."

"ಅಕ್ಕಿ ತಂದಿಲ್ಲ. ಅಕ್ಕಿ ಹಾಳು ಮಾಡಿ ಬಂದಿದ್ದೇನೆ."

ಎಲ್ಲ ಹೇಳಿದೆ, ಭಾಷಣ ಸಮೇತ. ಅವರ ತುಟಿಯ ಮೂಲೆ ಅಲ್ಲಾಡಿತು.

"ಗೆದ್ದವರಿಗೆ ಅಡುಗೆ ಹೇಳ್ಲಿಕ್ಕೆ ಸೋತವನೇ ಬೇಕಾ?"

"ಬೇಕು, ಮುಂಡಪ್ಪಣ್ಣ. ತಪ್ಪು ನನ್ನದು. ಸಾವಿರ ಜನಕ್ಕೆ ಅಡುಗೆ ಮಾಡಿದವರು ಈ ಊರಲ್ಲಿ ನೀವೊಬ್ಬರೇ."

ಈ ಮಾತು ಹೇಳುವುದು ನನಗೆ ಸುಲಭವಾಗಿರಲಿಲ್ಲ. ಆದರೆ ಒಂದಕ್ಷರವೂ ಸುಳ್ಳಲ್ಲ. ಅವರು ಕೋಲು ಹಿಡಿದು ಎದ್ದರು.

"ಇವತ್ತಿಗೆ ಬೇಕಾದಷ್ಟು ಅಕ್ಕಿ ನೆನೆಹಾಕಿಸಿ. ಸಂಜೆಗೆ ತರಿಯಾಗಿ ಕಡೆದು, ಉಂಡೆ ಮಾಡಿ ಹಬೆಯಲ್ಲಿ ಬೇಯಿಸುವ ಪುಂಡಿ ಕಟ್ಟುವ. ಪುಂಡಿಗೆ ಕುಚ್ಚಲೂ ಆಗ್ತದೆ, ಬೆಳ್ತಿಗೆಯೂ ಆಗ್ತದೆ ಮಾರಾಯ್ತಿ. ಇಷ್ಟು ಹೆಂಗಸರು ಇದ್ದು ಯಾರಿಗೂ ತಲೆಗೆ ಹೋಗ್ಲಿಲ್ವಾ?"

ಸಭಾಭವನಕ್ಕೆ ಬಂದವರೇ ಕುರ್ಚಿ ಹಾಕಿಸಿಕೊಂಡು ಕೂತರು. ಕೂತಲ್ಲಿಂದಲೇ ಹೋಟೆಲಿನ ಗಂಟಲು ಹೊರಟಿತು. ಗ್ರೈಂಡರ್ ಇದ್ದ ಮೂರು ಮನೆಗೆ ಅಕ್ಕಿ ಹೋಯಿತು, ಕರೆಂಟು ಹೋದಾಗ ಕಡೆಯುವ ಕಲ್ಲುಗಳು ತಿರುಗಿದವು. ಪಂಚಾಯಿತಿ ಕಟ್ಟಿಗೆ ತರಿಸಿತು, ತೆಂಗಿನಕಾಯಿ ತಾನಾಗಿ ಬಂತು. ಅಧ್ಯಕ್ಷೆಯೆಂದು ಅವರು ನನ್ನನ್ನೂ ಬಿಡಲಿಲ್ಲ, ಕಾಯಿ ತುರಿಯಲು ಕೂರಿಸಿದರು. ದಿನಕ್ಕೆ ಸಾವಿರ ಬೀಡಿ ಸುತ್ತುವ ನಲವತ್ತು ಹೆಂಗಸರ ಬೆರಳಿಗೆ ಪುಂಡಿ ಕಟ್ಟುವುದು ಯಾವ ಲೆಕ್ಕ? ರೂಲು ಕೇಳಿದ ಜತ್ತಪ್ಪಣ್ಣ ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದರು.

ಸಂಜೆ ಮೊದಲ ಹಬೆಪಾತ್ರೆಯ ಮುಚ್ಚಳ ತೆಗೆದೆವು. ಹಬೆಯ ಜೊತೆ ಕಾಯಿಯ ಘಮ ಎದ್ದಿತು. ಒಂದು ಪುಂಡಿಯನ್ನು ಬಾಳೆಲೆಯ ತುಂಡಿನಲ್ಲಿಟ್ಟು ಮುಂಡಪ್ಪಣ್ಣನ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಕೈ ಮುಂದೆ ಬರಲಿಲ್ಲ. ಬಾಗಿಲ ಹತ್ತಿರ ಶಶಿಪ್ರಭಾ ಮಕ್ಕಳನ್ನು ಹಿಡಿದು ನಿಂತಿದ್ದಳು.

"ಉಪ್ಪು ನೋಡಿ," ಎಂದೆ. "ಅಡುಗೆಯವರು ನೋಡದೆ ಬಡಿಸುವ ಕ್ರಮ ಉಂಟಾ?"

ಅವರು ಮುರಿದು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ ನಿಧಾನ ಅಗಿದರು. ಎಲೆ ಖಾಲಿಯಾಯಿತು.

"ಉಪ್ಪು ಸರಿ ಗೊತ್ತಾಗ್ಲಿಲ್ಲ. ಇನ್ನೊಂದು ಕೊಡಿ."

ಕೊಟ್ಟೆ. ಅದೂ ಮುಗಿಯಿತು.

"ಇನ್ನೂ ಗೊತ್ತಾಗುವುದಿಲ್ಲ."

ಮೂರನೆಯದೂ ಮುಗಿದು, ನಾಲ್ಕನೆಯದನ್ನು ಜತ್ತಪ್ಪಣ್ಣನೇ ತಂದಿಟ್ಟರು. ಕಡೆಗೆ ಮುಂಡಪ್ಪಣ್ಣ ಮುಖ ಆಚೆ ತಿರುಗಿಸಿ, "ಮುದುಕನ ನಾಲಿಗೆ. ನನ್ನ ಮೊಮ್ಮಕ್ಕಳದ್ದು ಚುರುಕು, ಅವರೂ ಒಮ್ಮೆ ನೋಡಲಿ," ಎಂದರು.

ಮಕ್ಕಳು ಬಂದು ಕೂತು ಉಪ್ಪು ನೋಡಿದರು, ಹೊಟ್ಟೆ ತುಂಬುವಷ್ಟು. ಶಶಿಪ್ರಭಾಳೂ ನೋಡಿದಳು. ಒಬ್ಬರನ್ನೊಬ್ಬರು ಗೇಲಿ ಮಾಡದೆ ಒಂದು ಸಂಜೆ ಕಳೆಯದ ನಮ್ಮ ನಲವತ್ತು ಹೆಂಗಸರು ಅಲ್ಲೇ ಇದ್ದರು. ಒಬ್ಬಳೂ ನಗಲಿಲ್ಲ. ಎಲ್ಲರೂ ತಲೆ ತಗ್ಗಿಸಿ, ಉಪ್ಪಿನ ತೀರ್ಮಾನ ಬರಲೆಂದು ಕಾಯುವವರ ಹಾಗೆ ಪುಂಡಿ ಕಟ್ಟುತ್ತಲೇ ಇದ್ದರು. ಆ ಸಂಜೆ ಮೈಕ್ ನನ್ನ ಕೈಗೆಟುಕುವಲ್ಲೇ ಇತ್ತು. ಅವರನ್ನು ಕಂಡು ಹೆಮ್ಮೆಪಟ್ಟು, ಅದನ್ನು ಮುಟ್ಟದೆ ಮತ್ತೆ ಕಾಯಿ ತುರಿಯಲು ಕೂತೆ.