ಮಾರ್ಚ್ ಹನ್ನೆರಡನೆಯ ತಾರೀಖು

ಮನುಷ್ಯನ ಮೆದುಳೂ ಒಂದು ಕಂಪ್ಯೂಟರೇ ಎಂದು ನಾನು ಹತ್ತು ವರ್ಷ ವಾದ ಮಾಡಿದವನು. ಕ್ಯಾಂಟೀನಿನಲ್ಲಿ, ಲೋಕಲ್ ಟ್ರೇನಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಕೂಡ. ಎದುರಿನವರು ಆತ್ಮ ಗೀತ್ಮ ಎಂದು ಶುರು ಮಾಡಿದರೆ ಮೈ ಉರಿಯುತ್ತಿತ್ತು. ಕಣ್ಣು ಕಿವಿಯಿಂದ ಮಾಹಿತಿ ಒಳಗೆ ಹೋಗುತ್ತದೆ, ಒಂದು ಕಡೆ ಕೂರುತ್ತದೆ, ಬೇಕೆಂದಾಗ ಹೊರಗೆ ಬರುತ್ತದೆ. ಇದರಲ್ಲಿ ದೊಡ್ಡ ರಹಸ್ಯವೇನು ಬಂತು? ಮಹಾಪೆಯ ಡೇಟಾ ಸೆಂಟರಿನಲ್ಲಿ ನನ್ನ ಕೆಲಸವೇ ಬ್ಯಾಕಪ್. ಯಾವುದಾದರೂ ಕಂಪನಿಯ ಸರ್ವರ್ ಕೈಕೊಟ್ಟರೆ, ಕಳೆದುಹೋದದ್ದನ್ನು ಹಳೆಯ ಪ್ರತಿಯಿಂದ ತಂದು ಮತ್ತೆ ಇದ್ದಲ್ಲಿ ಕೂರಿಸುವವನು ನಾನು.

ಹಾಗಾಗಿ ನನ್ನ ಹೆಂಡತಿಯ ಒಂದು ವರ್ಷ ಕಳೆದುಹೋದಾಗ ನಾನು ಅಷ್ಟೇನೂ ಹೆದರಲಿಲ್ಲ.

ಶ್ರೀವಿದ್ಯಾ ಬೇಲಾಪುರದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಎರಡು ಸಾವಿರದ ಹನ್ನೆರಡರ ನವೆಂಬರಿನಲ್ಲಿ ಒಂದು ಸಂಜೆ, ಡೊಂಬಿವಲಿಗೆ ವಾಪಸ್ ಬರುವಾಗ ಠಾಣೆಯಲ್ಲಿ ಗಾಡಿ ಬದಲಿಸಬೇಕಿತ್ತು. ಅಲ್ಲಿಯ ಮೇಲ್ಸೇತುವೆಯ ಮೆಟ್ಟಿಲಿನ ನೂಕುನುಗ್ಗಲಿನಲ್ಲಿ ಬಿದ್ದಳು, ತಲೆಗೆ ಏಟಾಯಿತು. ನಾಲ್ಕು ದಿನದ ಮೇಲೆ ಎಚ್ಚರವಾದಾಗ ನನ್ನ ಗುರುತು ಹಿಡಿದಳು, ಮೈಸೂರಿನ ತನ್ನ ಶಾಲೆಯ ಹೆಸರು ಹೇಳಿದಳು. ಆದರೆ ಅವಳ ಲೆಕ್ಕದಲ್ಲಿ ಅದು ಹಿಂದಿನ ವರ್ಷದ ದೀಪಾವಳಿ. ಅಲ್ಲಿಂದ ಈಚೆಗೆ ಏನೂ ಇಲ್ಲ.

ಮೆದುಳಿನ ಡಾಕ್ಟರು ಮುಕ್ತಾ ಎಂಬ ಮರಾಠಿ ಹೆಂಗಸು. ಸ್ವಲ್ಪ ವಾಪಸ್ ಬರಬಹುದು, ಬರದೆಯೂ ಇರಬಹುದು, ಅವಸರ ಮಾಡಬೇಡಿ, ಆದದ್ದನ್ನು ನಿಧಾನವಾಗಿ ಹೇಳುತ್ತ ಹೋಗಿ ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಫೋಟೋ, ಮೆಸೇಜು, ಬಿಲ್ಲು, ಟ್ರೇನ್ ಪಾಸು ಎಲ್ಲ ಗುಡ್ಡೆ ಹಾಕಿಕೊಂಡು ಆ ವರ್ಷದ ಒಂದೊಂದು ದಿನಕ್ಕೂ ಒಂದೊಂದು ಸಾಲಿನಂತೆ ದೊಡ್ಡ ಪಟ್ಟಿ ಮಾಡಿದೆ. ಪ್ರತಿ ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಅವಳಿಗೆ ಎರಡು ವಾರದ್ದು ಓದಿ ಹೇಳುತ್ತಿದ್ದೆ. ಅವಳು ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

ಆ ಪಟ್ಟಿ ಬರೆಯುತ್ತ ಮಾರ್ಚ್ ಹನ್ನೆರಡಕ್ಕೆ ಬಂದಾಗಲೇ ನನ್ನ ಕೈ ನಿಂತಿತ್ತು.

ಆ ದಿನ ಅವಳು ನಾಲ್ಕೂವರೆ ತಿಂಗಳ ಬಸುರಿ. ಐದು ತುಂಬುವ ತನಕ ಹೊರಗೆ ಬಾಯಿ ಬಿಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಮೈಸೂರಿನ ಅವಳ ತವರಿಗೂ ಹೇಳಿರಲಿಲ್ಲ, ಅವಳ ಆಫೀಸಿಗೂ ಹೇಳಿರಲಿಲ್ಲ. ಆವತ್ತು ಸುಸ್ತೆಂದು ರಜೆ ಹಾಕಿ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಹೊಟ್ಟೆನೋವು ಬಂದು ನನಗೆ ಮೂರು ಸಲ ಫೋನ್ ಮಾಡಿದಳು. ನಾನು ಒಂದು ಬ್ಯಾಂಕಿನ ಸರ್ವರ್ ಎಬ್ಬಿಸುವುದರಲ್ಲಿ ಮುಳುಗಿದ್ದೆ. ಮೂರು ಸಲವೂ ಹೆಸರು ನೋಡಿಯೇ ಕಟ್ ಮಾಡಿದೆ. ಎದುರು ಮನೆಯ ಚಂದ್ರಬಾಯಿ ರಿಕ್ಷಾ ಹಿಡಿದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ತಲುಪಿದ್ದು ಸಂಜೆ ಏಳಕ್ಕೆ. ಮಗು ಉಳಿದಿರಲಿಲ್ಲ. ಅಲ್ಲಿಂದ ಮುಂದೆ ಎಂಟು ತಿಂಗಳು ಶ್ರೀವಿದ್ಯಾ ನನ್ನ ಜೊತೆ ಉಪ್ಪು, ಹಾಲು, ಬಾಗಿಲ ಚಿಲಕ, ಇಷ್ಟರ ಬಗ್ಗೆ ಮಾತ್ರ ಮಾತಾಡಿದಳು.

ಈಗ ಅವಳು ಮತ್ತೆ ನನ್ನ ಭುಜಕ್ಕೆ ತಲೆ ಒರಗಿಸಿ ಕೂರುತ್ತಿದ್ದಳು. ನಿಜ ಹೇಳಿಬಿಡುತ್ತೇನೆ, ನನಗೆ ಖುಷಿಯಾಗಿತ್ತು. ಅವಳಿಗೆ ಆ ನೋವು ಮತ್ತೆ ಯಾಕೆ ಎಂದು ನನಗೇ ಹೇಳಿಕೊಂಡೆ. ಬಸುರಿನ ನಾಲ್ಕು ತಿಂಗಳ ಡಾಕ್ಟರ ಭೇಟಿಗಳನ್ನೆಲ್ಲ ಪಟ್ಟಿಯಿಂದ ತೆಗೆದೆ. ಹನ್ನೆರಡನೆಯ ತಾರೀಖನ್ನು ಖಾಲಿ ಬಿಟ್ಟರೆ ಕೇಳಿಯೇ ಕೇಳುತ್ತಾಳೆ. ಅದಕ್ಕೆ ಒಂದು ಸಾಲು ಬರೆದೆ: ಇಬ್ಬರೂ ರಜೆ ಹಾಕಿ ಟಿಟ್ವಾಳಾ ಗಣಪತಿ ದೇವಸ್ಥಾನಕ್ಕೆ ಹೋಗಿದ್ದು. ಡಾಕ್ಟರ ಆಣತಿ ಎಂದು ಸುಳ್ಳು ಹೇಳಿ ಚಂದ್ರಬಾಯಿಯವರ ಬಾಯಿಯನ್ನೂ ಮುಚ್ಚಿಸಿದೆ.

ಜೂನ್ ತಿಂಗಳ ಒಂದು ಭಾನುವಾರ ಚಂದ್ರಬಾಯಿ ನಮ್ಮ ಮನೆಗೆ ಬಂದು ಕೂತಿದ್ದರು. ಮಾತು ಎಲ್ಲಿಂದಲೋ ಎಲ್ಲಿಗೋ ಹೋಗಿ, ಶ್ರೀವಿದ್ಯಾ ಇದ್ದಕ್ಕಿದ್ದ ಹಾಗೆ ಹೇಳಿದಳು: "ಹೋದ ವರ್ಷ ಮಾರ್ಚ್ ಹನ್ನೆರಡಕ್ಕೆ ಟಿಟ್ವಾಳಾಕ್ಕೆ ಹೋಗಿದ್ವಲ್ಲ ರೀ, ಆವತ್ತು ನಿಮ್ಮ ಚಪ್ಪಲಿ ಉಂಗುಷ್ಠ ಕಿತ್ತುಹೋಗಿತ್ತು. ಕೆರೆ ಹತ್ರ ಕುಂಟ್ಕೊಂಡು ನಡೀತಿದ್ರಿ. ನಂಗೆ ಎಷ್ಟು ನಗು ಬಂದಿತ್ತು!"

ನಾನು ಚಪ್ಪಲಿಯ ಬಗ್ಗೆ ಬರೆದಿರಲಿಲ್ಲ. ಕೆರೆಯ ಬಗ್ಗೆಯೂ ಬರೆದಿರಲಿಲ್ಲ.

ಅವಳು ಒಳಗೆ ಹೋದ ಕೂಡಲೇ ಚಂದ್ರಬಾಯಿ ನನ್ನ ಕಡೆ ತಿರುಗಿದರು. ಅವರು ವಿಜಾಪುರದ ಕಡೆಯವರು, ಮಾತಿನಲ್ಲಿ ಮುಲಾಜಿಲ್ಲ. "ಯಾವ ಟಿಟ್ವಾಳಾ ರೀ ವಸಂತರಾವ್? ಆ ದಿನಾ ಅಕಿ ರಿಕ್ಷಾದಾಗ ನನ್ನ ತೊಡಿ ಮ್ಯಾಲ ಮಲಗಿದ್ಲು. ನನ್ನ ಸೀರಿ ತುಂಬ ರಕ್ತ ಆಗಿತ್ತು. ಸುಮ್ಮನಿರ್ರಿ ಅಂದ್ರಿ, ಸುಮ್ಮನಾದೆ. ಆದ್ರ ಇಲ್ಲದ್ದನ್ನ ಅಕಿ ತಲ್ಯಾಗ ತುಂಬ್ತೀರಿ ಅಂತ ನನಗೇನ್ ಗೊತ್ತಿತ್ತು? ಬರೋಬರ್ ಅಲ್ಲ ಇದು."

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಫಾಸ್ಟ್ ಲೋಕಲ್ ಸಿಕ್ಕಿದರೆ ಸ್ಲೋ ಬೇಕೆನಿಸುತ್ತಿತ್ತು. ಹತ್ತಿದ ಗಾಡಿಯಿಂದ ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಡುತ್ತಿದ್ದೆ. ಕೆಲಸದಲ್ಲಿ ಒಂದೇ ಪ್ರತಿಯನ್ನು ಮೂರು ಮೂರು ಸಲ ಪರೀಕ್ಷಿಸುತ್ತಿದ್ದೆ. ಅಲ್ಲಿ ಎಲ್ಲವೂ ಇಟ್ಟದ್ದು ಇಟ್ಟಂತೆಯೇ ಇರುತ್ತಿತ್ತು. ಮನೆಯಲ್ಲಿ ನಾನಿಟ್ಟ ಒಂದು ಸಾಲು ಮಾತ್ರ ದಿನದಿನಕ್ಕೆ ಬೆಳೆಯುತ್ತಿತ್ತು. ಒಂದು ದಿನ ಅದಕ್ಕೆ ಮೋದಕ ಬಂತು, ಇನ್ನೊಂದು ದಿನ ಹೂವಿನ ಅಂಗಡಿಯ ಮುದುಕಿ ಬಂದಳು.

ಮುಕ್ತಾ ಅವರ ಹತ್ತಿರ ಓಡಿದೆ. "ತಪ್ಪು ಮಾಹಿತಿ ಒಳಗೆ ಹೋಗಿದ್ದರೆ ಅದೊಂದನ್ನೇ ಅಳಿಸಬಹುದೇ?" ಎಂದು ನನ್ನ ಹರುಕುಮುರುಕು ಮರಾಠಿಯಲ್ಲಿ ಕೇಳಿದೆ. ನೆನಪು ಬೀರುವಿನಲ್ಲಿ ಮಡಚಿಟ್ಟ ಬಟ್ಟೆಯಲ್ಲ, ಪ್ರತಿ ಸಲವೂ ಹೊಸದಾಗಿ ಮಾಡುವ ಅಡುಗೆ, ಆ ಹೊತ್ತಿಗೆ ಕೈಗೆ ಸಿಕ್ಕಿದ್ದೆಲ್ಲ ಅದಕ್ಕೆ ಬೀಳುತ್ತದೆ ಎಂದರು ಅವರು. ನಿಮ್ಮ ತಲೆಯಲ್ಲಿ ನಡೆಯುವುದೂ ಅದೇ ಎಂದರು. ನನಗೆ ಕೋಪ ಬಂತು. ಇದನ್ನು ಮೊದಲೇ ಹೇಳಬಾರದಿತ್ತೇ? ಆದರೆ ಅವರು ಹೇಳಿದ್ದು ಆದದ್ದನ್ನು ಹೇಳಿ ಎಂದು. ಆಗದ್ದನ್ನು ಹೇಳಿದ್ದು ನಾನು. ವಾಪಸ್ ಬರುವಾಗ ಟ್ರೇನಿನಲ್ಲಿ ಗಮನಿಸಿದೆ, ಕಿತ್ತುಹೋದ ಉಂಗುಷ್ಠ ನನ್ನ ಕಣ್ಣಿಗೂ ಕಟ್ಟತೊಡಗಿತ್ತು. ಎಡಗಾಲಿನದು.

ಆಗಸ್ಟಿನಲ್ಲಿ ಶ್ರೀವಿದ್ಯಾ ಟಿಟ್ವಾಳಾಕ್ಕೆ ಹೋಗೋಣ ಎಂದು ಹಟ ಹಿಡಿದಳು. ಕಳೆದುಹೋದ ಆ ವರ್ಷದ ಬೇರೆಲ್ಲ ದಿನಗಳೂ ಓದಿದ ಪುಸ್ತಕದ ಹಾಗಿವೆ, ಅದೊಂದೇ ದಿನ ನಿಜವಾಗಿ ನೆನಪಿದೆ ಎಂದಳು. ಇಲ್ಲ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ದರ್ಶನ ಮುಗಿಸಿ ಕೆರೆಯ ಪಕ್ಕ ಕಟ್ಟೆಯ ಮೇಲೆ ಕೂತೆವು.

"ಇಲ್ಲೇ ಕೂತಿದ್ವಿ," ಎಂದಳು. "ನಂಗೆ ಹೊಟ್ಟೆ ನೋವು ಬಂತು. ಎಂಥಾ ನೋವು ಅಂತೀರಿ! ನೀವು ಹೂವು ತರೋಕೆ ಹೋಗಿದ್ರಿ. ಮೂರು ಸಲ ಫೋನ್ ಮಾಡಿದೆ. ನೀವು ಓಡಿ ಬಂದ್ರಿ." ನನ್ನ ಕೈ ಹಿಡಿದುಕೊಂಡಳು. "ಒಂದು ಕಾಲಲ್ಲಿ ಚಪ್ಪಲಿ ಇಲ್ದೇ ಓಡಿ ಬಂದ್ರಿ. ನಂಗೆ ಅದೇ ನೆನಪಾಗೋದು."

ನೋವು ಅವಳದ್ದು. ಮೂರು ಕರೆಗಳೂ ಅವಳವೇ. ಓಡಿ ಬಂದವನು ಮಾತ್ರ ನಾನಲ್ಲ. ಅಂಥ ಒಬ್ಬ ಗಂಡನನ್ನು ಅವಳು ತಾನೇ ಮಾಡಿಕೊಂಡಿದ್ದಳು. ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು.

"ನಾನು ಬರ್ಲಿಲ್ಲ ವಿದ್ಯಾ," ಎಂದೆ. ಎಲ್ಲ ಹೇಳಿದೆ. ಬಸುರು, ಬ್ಯಾಂಕಿನ ಸರ್ವರ್, ಕಟ್ ಮಾಡಿದ ಫೋನು, ಚಂದ್ರಬಾಯಿಯ ರಿಕ್ಷಾ, ಸಂಜೆ ಏಳು ಗಂಟೆ, ಆಮೇಲಿನ ಎಂಟು ತಿಂಗಳು, ನಾನು ಬರೆದ ಸುಳ್ಳು ಸಾಲು. ಅವಳು ನನ್ನ ಕೈಯನ್ನು ನಿಧಾನವಾಗಿ ಬಿಟ್ಟಳು. ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೇಳಿದಳು: "ಗಂಡೋ ಹೆಣ್ಣೋ?"

ನನಗೆ ಗೊತ್ತಿರಲಿಲ್ಲ. ಆ ಸಂಜೆ ನರ್ಸು ಏನೋ ಹೇಳಲು ಬಂದಾಗ ನಾನು ಬಿಲ್ಲಿನ ಕೌಂಟರ್ ಎಲ್ಲಿದೆ ಎಂದು ಕೇಳಿದ್ದೆ. ಅದಾದ ಮೇಲೆ ಯಾರನ್ನೂ ಕೇಳಿರಲಿಲ್ಲ.

ಅವಳು ತನ್ನ ಫೋನು ತೆಗೆದು ಚಂದ್ರಬಾಯಿಗೆ ಹಚ್ಚಿದಳು. "ನಂಗೆಲ್ಲ ಗೊತ್ತಾಯ್ತು, ಹೇಳಿ" ಎಂದಳು. ಆಮೇಲೆ ಹೂಂ, ಹೂಂ ಎನ್ನುತ್ತ ಕೇಳಿಸಿಕೊಂಡಳು. ಒಂದು ಸಲ ಕೆರೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಆಗ ಅತ್ತಳು ಎಂದು ಭುಜ ನೋಡಿ ತಿಳಿಯಿತು. ಫೋನಿಟ್ಟ ಮೇಲೆ ನಾನು ಕೇಳಿದೆ: "ಏನಂದ್ರು?"

"ನಾನು ಹೇಳಲ್ಲ. ನಿಮಗೂ ಬೇಕಿದ್ರೆ ನೀವೇ ಕೇಳಿ ಅವರನ್ನ," ಎಂದು ಸೆರಗು ಸರಿಮಾಡಿಕೊಂಡು ಸ್ಟೇಷನ್ ಕಡೆ ಹೊರಟಳು.

ನಾನು ಅಲ್ಲೇ ನಿಂತು ಜೇಬಿನಿಂದ ಫೋನು ತೆಗೆದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಲ್ಲ ಹೆಸರುಗಳನ್ನೂ ಹುಡುಕಿದೆ. ಚಂದ್ರಬಾಯಿಯವರ ನಂಬರು ನನ್ನ ಬಳಿ ಇರಲೇ ಇಲ್ಲ.