ಜಿಪುಣಿಯ ಕೊನೆಯ ಮಾತು

ಶವಪೆಟ್ಟಿಗೆಯ ಒಳಗಿನ ಬಿಳಿ ಬಟ್ಟೆಯ ಹೊಲಿಗೆಯನ್ನು ಟೈಲರ್ ಒಂದು ಬ್ಲೇಡಿನಿಂದ ಬಿಚ್ಚುತ್ತಿದ್ದ. ಪೆಟ್ಟಿಗೆಯಲ್ಲಿ ಅವನ ಹೆಂಡತಿ ಮಲಗಿದ್ದಳು. ಸಭಾಂಗಣಕ್ಕೆ ಆಗಲೇ ಜನ ಬರತೊಡಗಿದ್ದರು.

"ಭಾವ, ಎಲ್ಲ ನೋಡ್ತಿದ್ದಾರೆ. ಬಿಟ್ಬಿಡಿ," ಎಂದಳು ನಾದಿನಿ.

"ಯಾವನೋ ಕಾಟಾಚಾರಕ್ಕೆ ಹೊಲಿದಿದ್ದಾನೆ. ನಿಮ್ಮಕ್ಕ ಎದ್ದು ಕೂತಿದ್ರೆ ಸುಮ್ನಿರ್ತಿದ್ಲಾ?"

ಖಂಡಿತ ಸುಮ್ಮನಿರುತ್ತಿರಲಿಲ್ಲ. ಅವಳು ಚಿಪ್‌ಗಳ ವಿನ್ಯಾಸ ಮಾಡಿದವಳು. ಎದ್ದು, ರೇಡಿಯೋದಲ್ಲಿ ಒಂದೇ ಒಂದು ಮಾತಾಡಿ, ಮತ್ತೆ ಮಲಗಿಬಿಡುವ ಪುಟ್ಟ ಚಿಪ್‌ಗಳು; ಅಂಗಿಯ ಗುಂಡಿಯಷ್ಟು ಬ್ಯಾಟರಿಯಲ್ಲಿ ಹತ್ತು ವರ್ಷ ಬಾಳಬೇಕಾದವು. ಚೂರು ಕರೆಂಟನ್ನೂ ದಂಡ ಮಾಡಲು ಬಿಡದ ಅವಳಿಗೆ ಆಫೀಸಿನಲ್ಲಿ ಜಿಪುಣಿ ಎಂದೇ ಹೆಸರು. ಅವಳಿಗೂ ಅದು ಹಿಡಿಸಿತ್ತು. ಗಂಡ ಫ್ರಿಜ್ಜಿನ ಬಾಗಿಲು ತೆರೆದು ಯೋಚಿಸುತ್ತ ನಿಂತರೆ, "ರೀ, ಜಿಪುಣಿ ಮನೇಲಿದ್ದೀರಿ, ನೆನಪಿರ್ಲಿ" ಎಂದು ಗದರುತ್ತಿದ್ದಳು.

ಅವನು ಸೂಜಿಗೆ ದಾರ ಪೋಣಿಸುವಾಗ ಬಾಗಿಲಲ್ಲಿ ತಾರೀಖು ಸಾಹೇಬರು ಕಾಣಿಸಿಕೊಂಡರು. ಅವಳ ಮೇಲಧಿಕಾರಿ. ಬಾಯಿ ಬಿಟ್ಟರೆ ತಾರೀಖಿಗೆ ಆಗಬೇಕು ಎನ್ನುವುದೊಂದೇ ಮಾತು, ಅದಕ್ಕೇ ಆ ಹೆಸರು.

ನಾದಿನಿ ಹಲ್ಲು ಕಡಿದಳು. "ಯಾವ ಮುಖ ಇಟ್ಕೊಂಡು ಬಂದ ಇವನು?"

"ಬರ್ಲಿ. ಅವರಿಗೇ ಕಾಯ್ತಿದ್ದೆ," ಎಂದ ಟೈಲರ್, ಹೊಲಿಯುತ್ತಲೇ.

*

ಹನ್ನೆರಡು ವರ್ಷದ ಹಿಂದೆ ಅವಳು ನೀರಿನ ಮೀಟರಿಗೊಂದು ಚಿಪ್ ಮಾಡಿದ್ದಳು. ಗಂಟೆಗೊಮ್ಮೆ ಎದ್ದು ರೀಡಿಂಗ್ ಕಳಿಸಬೇಕು, ಮತ್ತೆ ನಿದ್ದೆ. ಅದನ್ನು ಫ್ಯಾಕ್ಟರಿಗೆ ಕಳಿಸುವ ಹಿಂದಿನ ವಾರ ಅವಳಿಗೆ ಊಟ ಸೇರುತ್ತಿರಲಿಲ್ಲ.

"ನಲ್ಲಿ ಗಟ್ಟಿಯಾಗಿ ಮುಚ್ಚಿದ್ರೂ ತೊಟ್ಟಿಕ್ಕುತ್ತಲ್ಲ? ಹಂಗೇ ಮಲಗಿರೋ ಚಿಪ್ಪಲ್ಲೂ ಕರೆಂಟ್ ಸೋರತ್ತೆ. ಬಿಸಿಯಾದ್ರೆ ಇನ್ನೂ ಜಾಸ್ತಿ. ಬಿಸಿಯ ಲೆಕ್ಕ ಹಾಕಿ ನೋಡದೆ ಕಳಿಸ್ಬೇಡಿ ಅಂತ ಎರಡು ಸಲ ಹೇಳ್ದೆ."

"ಏನಂದ್ರು?"

"ಇನ್ನೇನಂತಾರೆ. ತಾರೀಖು."

ಬೇಸಿಗೆ ಬಂತು. ರಸ್ತೆಬದಿಯ ಕಬ್ಬಿಣದ ಮುಚ್ಚಳಗಳ ಕೆಳಗೆ ಮೀಟರುಗಳ ಬ್ಯಾಟರಿಗಳು ನಲವತ್ತೇ ದಿನಕ್ಕೆ ಮುಗಿದವು. ತುಂಬಿದ ಮೀಟಿಂಗಿನಲ್ಲಿ ಸಾಹೇಬರು ಅವಳತ್ತ ಬೆರಳು ತೋರಿಸಿ, ಬಿಸಿಯ ಲೆಕ್ಕ ಹಾಕುವುದನ್ನೇ ಈಕೆ ಮರೆತಿದ್ದಾರೆ ಎಂದರು. ಮಾರನೆಯ ದಿನದಿಂದ ವಿನ್ಯಾಸದ ಕೆಲಸ ತಪ್ಪಿತು. ಬೇರೆಯವರು ಬರೆದ ಕೈಪಿಡಿಗಳ ಕಾಗುಣಿತ ತಿದ್ದಲು ಮೂಲೆಯಲ್ಲೊಂದು ಮೇಜು ಸಿಕ್ಕಿತು. ಹನ್ನೆರಡು ವರ್ಷ ತಿದ್ದಿದಳು.

ಹೊಟ್ಟೆ ಉರಿಸುವ ಸಂಗತಿ ಬೇರೆಯೇ ಇತ್ತು. ಯಾವುದಾದರೂ ಹೊಸ ಚಿಪ್ ಎಲ್ಲಿ ಸೋರುತ್ತಿದೆ ಎಂದು ಯಾರಿಗೂ ತಿಳಿಯದಾದಾಗ ಸಾಹೇಬರು ಅದರ ನಕ್ಷೆಯನ್ನು ಸದ್ದಿಲ್ಲದೆ ಅವಳ ಮೇಜಿಗೇ ಕಳಿಸುತ್ತಿದ್ದರು. ಅವಳು ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ವಾಪಸು ಕೊಡುತ್ತಿದ್ದಳು. ಅಲ್ಲೇ ಸೋರುತ್ತಿರುತ್ತಿತ್ತು. ಯಾಕೆ ಹೇಳಿಕೊಡ್ತೀಯ ಎಂದು ಗಂಡ ಸಿಡುಕಿದರೆ, "ಚಿಪ್ಪು ಏನು ಪಾಪ ಮಾಡಿದೆ?" ಎನ್ನುತ್ತಿದ್ದಳು. ಅವನಿಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ.

ಕೊನೆಯ ನಕ್ಷೆ ಹೋದ ವಾರ ಆಸ್ಪತ್ರೆಗೇ ಬಂದಿತ್ತು, ಹಣ್ಣಿನ ಬುಟ್ಟಿಯ ಜೊತೆ.

*

ಸಾಹೇಬರು ಹೂಗುಚ್ಛ ಇಟ್ಟು, ತಲೆ ಬಾಗಿಸಿ, ಟೈಲರನ ಕೈ ಹಿಡಿದರು. "ತುಂಬಲಾರದ ನಷ್ಟ." ಆಮೇಲೆ ದನಿ ತಗ್ಗಿಸಿದರು. "ಕೇಳೋ ಹೊತ್ತಲ್ಲ, ಕ್ಷಮಿಸಿ. ಆ ನಕ್ಷೆ ನಾಳೆ ಬೆಳಿಗ್ಗೆ ಫ್ಯಾಕ್ಟರಿಗೆ ಹೋಗ್ಬೇಕು. ಎಲ್ಲೋ ಸೋರ್ತಿದೆ, ನಮಗೆ ಸಿಗ್ತಿಲ್ಲ. ಅವರು ಏನಾದ್ರೂ ಹೇಳಿದ್ರಾ?"

"ಹೇಳ್ತೀನಿ. ಮೊದಲು ನೀವು ಹೇಳಿ, ನೀರಿನ ಮೀಟರಿನ ವಿಷಯ. ಅಗೋ, ನಿಮ್ಮ ಆಫೀಸಿನೋರೆಲ್ಲ ಕೂತಿದ್ದಾರೆ. ಅವರಿಗೆ ಕೇಳಿಸೋ ಹಾಗೆ."

"ಇಲ್ಲೇನಾ? ಈಗ್ಲೇನಾ?"

"ನಾಳೆ ಬೆಳಿಗ್ಗೆ ತಾರೀಖಿದೆ ಅಂದ್ರಲ್ಲ."

ಸಾಹೇಬರು ಕೈಗಡಿಯಾರ ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ಜನರತ್ತ ತಿರುಗಿದರು. "ನೀರಿನ ಮೀಟರಿನ ಚಿಪ್ ವಿಷಯದಲ್ಲಿ ನಮ್ಮ ಕಡೆಯಿಂದ ಸ್ವಲ್ಪ ಲೋಪ..."

"ಯಾರ ಲೋಪ?" ಹಿಂದಿನಿಂದ ಟೈಲರ್ ಕೇಳಿದ.

ಸಾಹೇಬರು ಮತ್ತೊಮ್ಮೆ ಗಡಿಯಾರ ನೋಡಿಕೊಂಡರು. "ನನ್ನದು. ಅವರು ಎರಡು ಸಲ ಎಚ್ಚರಿಸಿದ್ರು. ನಾನೇ ಬೇಡ ಅಂದೆ. ಆಮೇಲೆ ತಪ್ಪನ್ನ ಅವರ ತಲೆಗೆ ಕಟ್ಟಿದೆ."

ಆಫೀಸಿನವರ ನಡುವೆ ಕೂತಿದ್ದ ಲ್ಯಾಬಿನ ಮುದುಕನೊಬ್ಬ ಥೂ ಎಂದದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ನಾದಿನಿ ಬಿಕ್ಕಿ ಬಿಕ್ಕಿ ಅತ್ತಳು, ಆ ಬೆಳಿಗ್ಗೆಯಿಂದ ಮೊದಲ ಸಲ.

ಸಾಹೇಬರು ಬೆವರು ಒರೆಸಿಕೊಳ್ಳುತ್ತ ಬಂದು, ಜೇಬಿನಿಂದ ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು. "ಹೇಳಿ. ಎಲ್ಲಿ ಸೋರ್ತಿದೆಯಂತೆ?"

"ಗೊತ್ತಿಲ್ಲ."

"ಗೊತ್ತಿಲ್ವಾ? ಹೇಳ್ತೀನಿ ಅಂದ್ರಲ್ರೀ!"

"ಹೇಳ್ತಿದ್ದೀನಲ್ಲ. ನಿಮ್ಮ ಬುಟ್ಟಿ ಬರೋ ಹೊತ್ತಿಗೆ ಅವಳ ಮಾತು ನಿಂತು ಎರಡು ದಿನ ಆಗಿತ್ತು. ಕಣ್ಣೂ ಬಿಡ್ಲಿಲ್ಲ. ನಕ್ಷೆ ಹಂಗೇ ಸುತ್ತಿಟ್ಟಿದೆ, ತಗೊಂಡು ಹೋಗಿ."

ಇಷ್ಟು ಹೇಳುವಾಗ ಟೈಲರನಿಗೆ ನಿಜಕ್ಕೂ ಸಂತೋಷವಾಯಿತು. ಹೆಂಡತಿಯ ಹೆಣದ ಮುಂದೆ ಹಾಗೆ ಆಯಿತಲ್ಲ ಎಂದು ನಾಚಿಕೆಯೇನೂ ಆಗಲಿಲ್ಲ.

ಆಫೀಸಿನವರು ಆರು ಜನ ಎದ್ದು ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟರು. ಸಾಹೇಬರು ಪೆನ್ನಿನ ಮೊನೆಯನ್ನು ಖಾಲಿ ಹಾಳೆಗೆ ಊರಿಕೊಂಡು ನಡುದಾರಿಯಲ್ಲೇ ನಿಂತಿದ್ದರು. ಸರಿಯಿರಿ ಎಂದು ಯಾರೂ ಹೇಳಲಿಲ್ಲ. ಅಲ್ಲೊಂದು ಕಂಬವಿದೆ ಎನ್ನುವ ಹಾಗೆ ಪೆಟ್ಟಿಗೆ ಅವರ ಎಡಕ್ಕೆ ಹೊರಳಿ ಹೋಯಿತು, ಹಿಂದಿನ ಜನವೆಲ್ಲ ಬಲಗಡೆಯಿಂದ ನಡೆದುಹೋದರು.