ಇವತ್ತು ಸೆಲ್ ಹಾಕಂಗಿಲ್ಲ

ಜಲಾಶಯದ ಗೇಟಿಗೆ ಮರದ ದಿಮ್ಮಿ ಸಿಕ್ಕಿಕೊಂಡರೆ ಊರಿನ ನಲ್ಲಿ ಬತ್ತುತ್ತದೆ. ಎಲ್ಲರೂ ಬೈಯುತ್ತಾರೆ. ದಿಮ್ಮಿ ಕಡಿಯಲು ನೂರಡಿ ಆಳಕ್ಕೆ ಇಳಿಯುವವನ ಹೆಸರು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಖಾನಾಪುರ ತಾಲೂಕಿನ ಬೀಡಿ ಊರಿನ ಸಾತಪ್ಪ ಅಂಥ ಮುಳುಗುಗಾರ. ಅವತ್ತು ಬೆಳಿಗ್ಗೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಜೊತೆಗಾರ ತಮ್ಮಣ್ಣನೊಂದಿಗೆ ಒಮ್ಮೆ ಇಳಿದು ಬಂದಿದ್ದ. ಇಬ್ಬರಿಗೂ ಸೇರಿ ಗುತ್ತಿಗೆದಾರ ಗುರುಪುತ್ರಪ್ಪ ಕೊಟ್ಟಿದ್ದು ಒಂದೇ ಡೈವ್ ಕಂಪ್ಯೂಟರ್. ಗೋವಾದಲ್ಲಿ ಯಾರೋ ಬಳಸಿ ಬಿಟ್ಟದ್ದು. ಎಷ್ಟು ಆಳದಲ್ಲಿದ್ದೀರಿ, ಇನ್ನೆಷ್ಟು ಹೊತ್ತು ಇರಬಹುದು ಎಂದು ತೋರಿಸುವ, ಕೈಗೆ ಕಟ್ಟುವ ಯಂತ್ರ ಅದು. ಸೆಲ್ ಮುಗಿಯುತ್ತಿರುವ ಗುರುತು ಮಿನುಗುತ್ತಿತ್ತು. ಬೆಳಗಾವಿಗೆ ಹೋಗಿ ಹೊಸ ಸೆಲ್ ಹಾಕಿಸಿಕೊಂಡು ಬಾ, ನಾಲ್ಕು ಗಂಟೆಗೆ ಇಬ್ಬರೂ ಮತ್ತೆ ಇಳಿಯಬೇಕು ಎಂದ ಗುರುಪುತ್ರಪ್ಪ. ಪೇಟೆಯಲ್ಲಿ ಕೆಲಸವಿದ್ದ ಸಾತಪ್ಪನ ಹೆಂಡತಿ ಸತ್ಯವ್ವನೂ ಅವನೊಂದಿಗೆ ಬಸ್ ಹತ್ತಿದಳು.

ಬೆಳಗಾವಿಯ ವಡಗಾವಿ ಬಡಾವಣೆಯ ಮಗ್ಗದ ಓಣಿಯಲ್ಲಿ ಬಾಳೇಶನ ಗಡಿಯಾರ ರಿಪೇರಿ ಅಂಗಡಿ. ಹಿಂದೆ ಅವನೂ ಗೋವಾದ ಬಂದರಿನಲ್ಲಿ ಮುಳುಗುತ್ತಿದ್ದ. ಈಗ ಎರಡೂ ಕಾಲು ಸ್ವಾಧೀನ ತಪ್ಪಿವೆ. ಬೆಳಿಗ್ಗೆ ಇಳಿದಿದ್ದೆಯಾ ಎಂದು ಕೇಳಿದ. ಹೌದು ಎಂದದ್ದೇ ಯಂತ್ರವನ್ನು ವಾಪಸ್ ತಳ್ಳಿದ.

“ಇವತ್ತು ಇದಕ್ಕ ಸೆಲ್ ಹಾಕಂಗಿಲ್ಲ. ನಾಳಿ ಸಂಜಿಗೆ ಬಾ.”

“ಏನ್ ಬಾಳೇಶಣ್ಣಾ, ಒಂದು ಸೆಲ್ ಹಾಕಾಕೂ ಮುಹೂರ್ತ ನೋಡತೀಯೇನ?” ಸಾತಪ್ಪ ನಕ್ಕ.

ಬಾಳೇಶ ನಗಲಿಲ್ಲ. ಆಳದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯೊಳಗೆ ಕರಗಿ ಕೂರುತ್ತದೆ, ಮೇಲೆ ಬಂದ ಮೇಲೂ ಗಂಟೆಗಟ್ಟಲೆ ಇರುತ್ತದೆ ಎಂದು ತಿಳಿಸಿದ. ಅದು ಎಷ್ಟಿದೆ ಎಂಬ ನೆನಪು ಯಂತ್ರದಲ್ಲಿರುತ್ತದೆ. ಇಂಥ ಹಳೆಯದರಲ್ಲಿ ಸೆಲ್ ತೆಗೆದರೆ ಆ ನೆನಪು ಅಳಿಸುತ್ತದೆ. ನೀನು ಇವತ್ತು ನೀರೇ ಮುಟ್ಟಿಲ್ಲ ಎಂಬಂತೆ ಅದು ಹೆಚ್ಚು ಹೊತ್ತು ತಳದಲ್ಲಿರಲು ಬಿಡುತ್ತದೆ. ಅದನ್ನು ನಂಬಿ ಮೇಲೆ ಬಂದರೆ ಒಳಗಿನ ಗಾಳಿ ಗುಳ್ಳೆಯೆದ್ದು ನರ ಕೆಡಿಸುತ್ತದೆ.

“ನನಗೂ ಹಿಂಗ ಮಧ್ಯಾಹ್ನ ಸೆಲ್ ಹಾಕಿಸಿ ಇಳಿಸಿದ್ರು. ಹಡಗ ಟೈಮಿಗೆ ಸರಿಯಾಗಿ ಹೊಂಟು ಹೋತು. ನಾ ಇಲ್ಲಿ ಕುಂತೇನಿ.”

“ಇದು ಗುರುಪುತ್ರಪ್ಪಗ ಗೊತ್ತಿಲ್ಲೇನ್ರಿ?” ಎಂದಳು ಸತ್ಯವ್ವ.

“ಗೊತ್ತೈತಿ, ತಂಗಿ. ಅವಗ ಇನ್ನೊಬ್ಬ ಸಿಗತಾನ. ನಿನಗ ಸಿಗತಾನೇನ?”

ಸತ್ಯವ್ವ ಯಂತ್ರವನ್ನು ಸೆರಗಿನಲ್ಲಿ ಗಂಟು ಕಟ್ಟಿದಳು. ತಮ್ಮಣ್ಣನಿಗೂ ಹೇಳಬೇಕೆಂದು ಇಬ್ಬರೂ ಸಿಕ್ಕ ಬಸ್ಸಿಗೆ ವಾಪಸಾದರು.

ಜಲಾಶಯದ ದಂಡೆಯಲ್ಲಿ ತಮ್ಮಣ್ಣ ಆಗಲೇ ಸಿಲಿಂಡರ್ ಬಿಗಿದುಕೊಂಡಿದ್ದ. ಸಾತಪ್ಪ ಬಾಳೇಶನ ಕಾಲಿನ ಕಥೆ ಹೇಳಿದ. ಯಂತ್ರ ಎಲ್ಲಿ ಎಂದು ಗುರುಪುತ್ರಪ್ಪ ಕೈ ಚಾಚಿದ. ಸತ್ಯವ್ವ ಗಂಟು ಬಿಚ್ಚಲಿಲ್ಲ.

“ಅಂಜಿಕಿ ಇದ್ದವರು ಮನ್ಯಾಗ ಇರ್ರಿ. ನಾಳಿಂದ ಬರಬ್ಯಾಡ್ರಿ,” ಎಂದ ಗುರುಪುತ್ರಪ್ಪ.

“ಮನಿಗೆ ನಮ್ಮ ಕಾಲ ಮ್ಯಾಲ ನಡಕೊಂಡ ಹೋಗತೇವ್ರಿ,” ಎಂದ ತಮ್ಮಣ್ಣ. ಸಿಲಿಂಡರ್ ಬಿಚ್ಚಿ ಕಲ್ಲಿನ ಮೇಲಿಟ್ಟ.

ಇಬ್ಬರ ಕೆಲಸ ಹೋಯಿತು. ಯಂತ್ರವನ್ನು ಮಾತ್ರ ಮರುದಿನ ಸಂಜೆ ಬಾಳೇಶನ ಕೈಯಲ್ಲಿ ಸೆಲ್ ಹಾಕಿಸಿಯೇ ಗುರುಪುತ್ರಪ್ಪನಿಗೆ ಒಪ್ಪಿಸಿದರು.

ನೀರಿನಡಿ ದುಡಿಯುವ ಅಣ್ಣತಮ್ಮಂದಿರೇ, ಅವರ ದಾರಿ ಕಾಯುವ ಅಕ್ಕತಂಗಿಯರೇ, ನೀರಿಗಿಳಿದು ಒಂದು ಪೂರ್ತಿ ದಿನ ಕಳೆಯದೆ ಹಳೆಯ ಯಂತ್ರದ ಸೆಲ್ ತೆಗೆಸಬೇಡಿ. ತೆಗೆಸಿದಿರೋ, ಅಲ್ಲಿಂದ ಪೂರ್ತಿ ಒಂದು ದಿನ ಇಳಿಯಬೇಡಿ. ಸೆಲ್ ಜೊತೆ ಮುಚ್ಚಳದ ರಬ್ಬರ್ ರಿಂಗನ್ನೂ ಬದಲಿಸಿ, ನೀರು ಒಳಗೆ ಇಳಿಯುತ್ತದೆಯೇ ಎಂದು ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ. ಮೇಲೆ ಬಂದವರ ಕೀಲು ನೋಯುತ್ತಿದ್ದರೆ, ಕಾಲು ಜೋಮು ಹಿಡಿದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಅವಸರ ಮಾಡುವ ಗುತ್ತಿಗೆದಾರನಿಗೆ ಹೇಳಿ: ಮೊದಲು ನೀನು ಇಳಿ, ದಂಡೆಯಲ್ಲಿ ನಾವು ನಿಂತಿರುತ್ತೇವೆ.